ಕುದಿಸಿದ ತಂಬುಳಿ

ನಲವತ್ತೆರಡನೇ ವಯಸ್ಸಿನ ಹೆಂಗಸಿಗೆ ಬೆಳಿಗ್ಗೆ ಎದ್ದ ಕೂಡಲೇ ಓಕರಿಕೆ ಬಂದರೆ ನಮ್ಮ ಸಿದ್ದಾಪುರದಲ್ಲಿ ಯಾರಿಗೂ ಬಸಿರಿನ ನೆನಪಾಗುವುದಿಲ್ಲ, ಪಿತ್ತದ ನೆನಪಾಗುತ್ತದೆ. ನನಗೂ ಹಾಗೇ ಆಯಿತು. ಮೂರು ವಾರ ಜೀರಿಗೆ ಕಷಾಯ ಕುಡಿದೆ. ಮುಟ್ಟು ನಿಂತದ್ದಕ್ಕೆ ವಯಸ್ಸು ಕಾರಣ ಎಂದುಕೊಂಡೆ. ಪಿತ್ತ ಇಳಿಯದೇ ಹೋದಾಗ ಹೊಟ್ಟೆಯಲ್ಲಿ ಗಡ್ಡೆಯೇ ಬೆಳೆದಿರಬೇಕೆಂದು ನಾನೇ ತೀರ್ಮಾನಿಸಿದೆ. ನಾನಿಲ್ಲದ ಮೇಲೆ ಖಾನಾವಳಿ ಹೇಗೆ ನಡೆಸಬೇಕು, ಸಾರಿನ ಪುಡಿಗೆ ಕೊತ್ತಂಬರಿ ಎಷ್ಟು ಹುರಿಯಬೇಕು ಎಂದು ಗಂಡನಿಗೆ ಎರಡು ದಿನ ಪಾಠ ಹೇಳಿದೆ. ಆಮೇಲೆ ಶಿರಸಿಯ ಬಸ್ಸು ಹತ್ತಿದೆ. ಅಲ್ಲಿಯ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಗಡ್ಡೆ ಅಲ್ಲಮ್ಮ ಇದು. ಇನ್ನು ಮೂರು ತಿಂಗಳು ಕಳೀಲಿ, ಒದೀತದೆ."

ನಮ್ಮದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆರು ಮೇಜಿನ ಸಸ್ಯಾಹಾರಿ ಖಾನಾವಳಿ. ಅಡುಗೆ ನನ್ನದು, ಬಡಿಸುವುದು ಗಂಡ ಗಣಪತಿಯದು. ಆಸ್ಪತ್ರೆಯ ಮೆಟ್ಟಿಲಿನಿಂದಲೇ ಫೋನು ಮಾಡಿದೆ. ಊಟದ ಹೊತ್ತು. ಅವರು "ಹಾಂ" ಎಂದು ಫೋನಿಟ್ಟರು. ಅಷ್ಟೇನಾ ಎಂದು ನನಗೆ ಬೇಜಾರಾಯಿತು. ಆಮೇಲೆ ತಿಳಿದ ಸಂಗತಿಯೆಂದರೆ, ಊಟ ಮುಗಿಸಿ ಕೈತೊಳೆದು ಬಂದು ಕೂತಿದ್ದ ಮೇಷ್ಟರೊಬ್ಬರ ಎದುರು ಹೊಸ ಎಲೆ ಹಾಕಿ, ಅನ್ನ ಬಡಿಸಿ, ಅದರ ಮೇಲೆ ಪಾಯಸ ಹೊಯ್ದಿದ್ದರಂತೆ. ಮೇಷ್ಟರು ಏನೂ ಕೇಳದೆ ಅದನ್ನೂ ಉಂಡರಂತೆ. ಪಾಯಸವಲ್ಲವೆ.

ಇದನ್ನೆಲ್ಲ ಬರೆಯುತ್ತಿರುವುದು ಯಾರಿಗಾಗಿ ಎಂದರೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ತಮ್ಮ ರಿಪೋರ್ಟಿನ ಬಾಣದ ಗುರುತುಗಳನ್ನು ಮೊಬೈಲಿನಲ್ಲಿ ಹುಡುಕುತ್ತ ಬೆವರುವವರಿಗಾಗಿ. ನಾನು ಆ ಬೆಂಚಿನಲ್ಲಿ ಕೂತವಳು. ನನ್ನಷ್ಟು ಬೆವರಿದವರು ಈ ಮೂರು ತಾಲೂಕಿನಲ್ಲಿ ಇರಲಾರರು.

ನನ್ನ ಹೆದರಿಕೆಗೆ ಕಾರಣವಿತ್ತು. ಮದುವೆಯಾದ ಮೂರನೇ ವರ್ಷ ಒಂದು ಹೋಯಿತು, ಎರಡೂವರೆ ತಿಂಗಳಿಗೆ. ಆರನೇ ವರ್ಷ ಇನ್ನೊಂದು, ಐದು ತಿಂಗಳು ತುಂಬುವಾಗ. ಆ ಎರಡನೆಯದಕ್ಕಿಂತ ಮುಂಚಿನ ವಾರ ನನಗೆ ಜ್ವರ, ಭೇದಿ. ಸೋಂಕು ಇರಬಹುದು, ಇಲ್ಲದೆಯೂ ಇರಬಹುದು, ಹೇಳಲಿಕ್ಕಾಗದು ಎಂದು ಆಗಿನ ಡಾಕ್ಟರು ಹೇಳಿದ್ದರು. ನನ್ನ ಕಿವಿಗೆ ಬಿದ್ದದ್ದು ಮೊದಲಿನ ಎರಡು ಶಬ್ದ ಮಾತ್ರ. ಆ ವಾರ ನಾನು ರಸ್ತೆ ಬದಿಯಲ್ಲಿ ಒಂದು ಲೋಟ ಕಬ್ಬಿನ ಹಾಲು ಕುಡಿದಿದ್ದೆ. ಹದಿನಾಲ್ಕು ವರ್ಷ ಆ ಲೋಟವನ್ನು ನೆನೆದಿದ್ದೇನೆ. ಅದರ ಅಂಚಿಗೆ ಅಂಟಿದ್ದ ನೊರೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಆದ್ದರಿಂದ ಈ ಸಲ ಗಟ್ಟಿ ನಿರ್ಧಾರ ಮಾಡಿದೆ. ಕುದಿಯದ ಯಾವ ವಸ್ತುವೂ ನನ್ನ ಬಾಯಿಗೆ ಹೋಗಕೂಡದು.

ಮೊದಲಿಗೆ ನೀರು, ಹಾಲು. ಅದು ಎಲ್ಲರೂ ಮಾಡುವುದೇ. ಆಮೇಲೆ ಸೊಪ್ಪು: ಒಮ್ಮೆ ಕುದಿಸಿ ನೀರು ಬಸಿದು ಚೆಲ್ಲಿ, ಬೇರೆ ನೀರಲ್ಲಿ ಇನ್ನೊಮ್ಮೆ ಕುದಿಸುವುದು. ಕೋಸಂಬರಿ ಬಂದ್. ಲಿಂಬೆಯನ್ನು ಸಾರಿಗೆ ಇಳಿಸಿದ ಮೇಲೆ ಹಿಂಡುವುದು ರೂಢಿ, ನಾನು ಕುದಿಯುವಾಗಲೇ ಹಿಂಡಿ ಕಾಲು ಗಂಟೆ ಬಿಟ್ಟೆ. ನೆಲ್ಲಿಕಾಯಿಯನ್ನು ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ ನೀರು ಚೆಲ್ಲಿದೆ. ಮೂಸಂಬಿಯ ರಸವನ್ನು ಪಾತ್ರೆಯಲ್ಲಿ ಹಾಕಿ ಉಕ್ಕಿಸಿ, ಆರಿಸಿ, ಮೂಗು ಮುಚ್ಚಿಕೊಂಡು ಕುಡಿದೆ. ಕಷಾಯಕ್ಕಿಂತ ಕಹಿಯಾಗಿತ್ತು. ಕಹಿಯಾದದ್ದರಿಂದ ಒಳ್ಳೆಯದೇ ಇರಬೇಕೆಂದು ಭಾವಿಸಿದೆ. ಒಂದು ವಾರವಾದ ಮೇಲೆ ಅದನ್ನೂ ಬಿಟ್ಟೆ.

ಇಡಗುಂದಿಯಿಂದ ನನ್ನ ಆರೈಕೆಗೆಂದು ಬಂದಿದ್ದ ಅತ್ತೆ ಇದನ್ನೆಲ್ಲ ನೋಡಿಕೊಂಡು ಸುಮ್ಮನಿದ್ದರು. ತಂಬುಳಿಯ ವಿಷಯದಲ್ಲಿ ಮಾತ್ರ ಅವರಿಂದ ಆಗಲಿಲ್ಲ. ಒಂದೆಲಗದ ಹಸಿ ಎಲೆಯನ್ನು ಕಾಯಿ, ಜೀರಿಗೆ ಜೊತೆ ರುಬ್ಬಿ ಮಜ್ಜಿಗೆಗೆ ಸೇರಿಸಿದರೆ ತಂಬುಳಿ. ಒಲೆಯ ಕೆಲಸವೇ ಇಲ್ಲ. ದಿನವೂ ಗಿರಾಕಿಗಳಿಗೆ ನಾನೇ ಹಾಗೆ ಮಾಡಿ ಬಡಿಸುತ್ತೇನೆ. ಅದರಲ್ಲಿ ನನ್ನ ಪಾಲನ್ನು ಬೇರೆ ತೆಗೆದು ಒಲೆಯ ಮೇಲಿಟ್ಟು ಕುದಿಸಲು ಶುರು ಮಾಡಿದೆ. ಮಜ್ಜಿಗೆ ಒಡೆದು, ಹಸಿರು ಬೂದಿಬಣ್ಣಕ್ಕೆ ತಿರುಗಿ, ಗೋಡೆಗೆ ಬಳಿಯುವ ವಸ್ತುವಿನಂತಾಯಿತು. ಅತ್ತೆ ಪಾತ್ರೆಗೆ ಇಣುಕಿ ನೋಡಿದರು.

"ಎಂತ ಮಾರಾಯ್ತಿ ಇದು? ತಂಬುಳಿ ಕುದಿಸ್ದವ್ರನ್ನ ನಾ ಹುಟ್ಟಿದ ಮೇಲೆ ಇವತ್ತೇ ಕಂಡದ್ದು."

"ಕ್ರಿಮಿ ಇರ್ತದೆ ಅತ್ತೆ."

"ಇದ್ರೂ ಈಗ ನಾಚ್ಕೆಯಿಂದ ಸತ್ತಿರ್ತದೆ, ಬಿಡು."

ಊರವರೂ ತಮ್ಮ ಪಾಲು ಸೇರಿಸಿದರು. ಪಪ್ಪಾಯಿ ಉಷ್ಣ, ಅನಾನಸು ಉಷ್ಣ, ಪೇರಲ ಶೀತ, ಕಿತ್ತಳೆ ಕಫ. ಒಬ್ಬರು ಬೇಡ ಎಂದದ್ದನ್ನು ಇನ್ನೊಬ್ಬರು ಬೇಕು ಎಂದರೂ ನಾನು ಬೇಡ ಎಂದವರ ಕಡೆಗೇ. ಕೊನೆಗೆ ನನ್ನ ಎಲೆಯಲ್ಲಿ ಉಳಿದದ್ದು ಗಂಜಿ, ಬೇಳೆಯ ಕಟ್ಟು, ಎರಡು ಸಲ ಬೆಂದ ಸೊಪ್ಪು ಮತ್ತು ನಾನು ಕುದಿಸಿಟ್ಟ ತಂಬುಳಿ, ನೆಲ್ಲಿಕಾಯಿ, ಲಿಂಬೆಯ ಸಾರು. ಇಷ್ಟು ಶುದ್ಧವಾಗಿ ಉಂಡ ಬಸುರಿ ಇನ್ನೊಬ್ಬಳಿಲ್ಲ ಎಂಬ ಹೆಮ್ಮೆಯೂ ಜೊತೆಗಿತ್ತು.

ನಾಲ್ಕನೇ ತಿಂಗಳು ನಡೆಯುವಾಗ ಒಂದು ಬೆಳಿಗ್ಗೆ ಹಲ್ಲುಜ್ಜಿ ಉಗುಳಿದರೆ ಕೆಂಪು. ಬಸುರಿಯರಿಗೆ ವಸಡಿನಿಂದ ರಕ್ತ ಬರುವುದು ಸಾಮಾನ್ಯ ಎಂದು ಎಲ್ಲರೂ ಹೇಳಿದರು. ನಾನು ಅರ್ಧ ನಂಬಿದೆ. ಆಮೇಲೆ ಮೊಣಕಾಲ ಕೆಳಗೆ ನೀಲಿ ಕಲೆಗಳು. ಎಲ್ಲಿ ತಾಗಿತೆಂದೇ ನೆನಪಿಲ್ಲ. ಕಾಲಿನ ಕೂದಲ ಬುಡದಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆಗಳು. ಕಾಯಿ ತುರಿಯುವಾಗ ಬೆರಳಿಗಾದ ಗೀರು ಮೂರು ವಾರವಾದರೂ ಮಾಯಲಿಲ್ಲ. ಮೆಟ್ಟಿಲು ಹತ್ತಲಿಕ್ಕೆ ಕಾಲು ಬಾರದು. ಮೊಬೈಲಿನಲ್ಲಿ ಹುಡುಕಿದೆ. ಅದು ಮೂರನೇ ಸಾಲಿನಲ್ಲೇ ರಕ್ತದ ಕ್ಯಾನ್ಸರ್ ಎಂದಿತು. ನಾನು ನಾಲ್ಕನೇ ಸಾಲು ಓದಲಿಲ್ಲ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಹೆಪ್ಪುಗಟ್ಟುವ ಶಕ್ತಿ ಸರಿಯಿತ್ತು, ಕಣಗಳ ಲೆಕ್ಕವೂ ಸರಿಯಿತ್ತು. ಏನು ಊಟ ಮಾಡುತ್ತೀರಿ ಎಂದು ಕೇಳಿದರು. ನಾನು ಖಾನಾವಳಿಯವಳು, ಆ ಪ್ರಶ್ನೆಗೆ ನನ್ನಷ್ಟು ಚೆನ್ನಾಗಿ ಯಾರು ಉತ್ತರ ಕೊಟ್ಟಾರು. ಸೊಪ್ಪು, ತಂಬುಳಿ, ನೆಲ್ಲಿಕಾಯಿ, ಲಿಂಬೆ ಎಂದು ಒಂದೇ ಉಸುರಿಗೆ ಒಪ್ಪಿಸಿದೆ. ಒಂದಕ್ಷರ ಸುಳ್ಳಿರಲಿಲ್ಲ. ಅವರು ತಲೆದೂಗಿ, ಆದರೂ ಒಮ್ಮೆ ನೋಡಿಬಿಡೋಣ ಎಂದು ವಿಟಮಿನ್ನುಗಳ ಪರೀಕ್ಷೆಗೆ ರಕ್ತ ತೆಗೆಸಿ ದೊಡ್ಡ ಊರಿನ ಲ್ಯಾಬಿಗೆ ಕಳಿಸಿದರು.

ಎಂಟು ದಿನ ಕಾದೆ. ಕಾಯುವವಳ ಅಡುಗೆ ಹೇಗಿರುತ್ತದೆ ಎಂದು ನಮ್ಮ ಗಿರಾಕಿಗಳನ್ನು ಕೇಳಬೇಕು. ಒಂದು ದಿನ ಸಾಂಬಾರಿಗೆ ಎರಡು ಸಲ ಉಪ್ಪು, ಮರುದಿನ ಒಂದು ಸಲವೂ ಇಲ್ಲ. ಉಪ್ಪಿನ ಡಬ್ಬಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿಕೊಂಡು ಉಂಡು ಹೋದರು.

ರಿಪೋರ್ಟು ಮೊಬೈಲಿಗೇ ಬಂತು. ಎ ವಿಟಮಿನ್ನಿನ ಎದುರು ಕೆಳಮುಖದ ಬಾಣ. ಇ ವಿಟಮಿನ್ನಿನ ಎದುರು ಮೇಲ್ಮುಖದ ಬಾಣ. ಸಿ ಎದುರು ಕೆಳಮುಖದ ಬಾಣ, ಅದೂ ಕೆಂಪಕ್ಷರದಲ್ಲಿ. ಪಕ್ಕದ ಕಾಲಮಿನಲ್ಲಿ, ಇದು ಆರೋಗ್ಯವಂತ ವಯಸ್ಕರಲ್ಲಿ ಇರಬೇಕಾದ ಮಟ್ಟ ಎಂದು ಬರೆದಿತ್ತು. ಈ ಆರೋಗ್ಯವಂತ ವಯಸ್ಕನ ಮೇಲೆ ನನಗೆ ಅಲ್ಲೇ ಸಿಟ್ಟು ಬಂತು. ಐದಕ್ಕೆ ಎದ್ದು, ವಾಕಿಂಗ್ ಹೋಗಿ ಬಂದು, ಯಾವುದಕ್ಕೂ ಹೆದರದೆ ಚಪ್ಪಾಳೆ ಹೊಡೆದು ನಗುವವನು ಇರಬೇಕು. ನನ್ನ ಗಂಡ ಹಿಂದಿನಿಂದ ಇಣುಕಿ, "ಅವ ನಮ್ಮ ಊರವ ಅಲ್ಲ ಬಿಡು" ಎಂದರು.

ನಗುವ ಸ್ಥಿತಿ ನನ್ನದಾಗಿರಲಿಲ್ಲ. ಕೆಂಪಕ್ಷರದ ಸಿ ಬಿಟ್ಟು ನಾನು ಇ ಹಿಂದೆ ಬಿದ್ದೆ. ಕಡಿಮೆಯಾದರೆ ತುಂಬಿಸಬಹುದು, ಹೆಚ್ಚಾದದ್ದನ್ನು ಹೊರಗೆ ತೆಗೆಯುವುದು ಹೇಗೆ? ಹೊಟ್ಟೆಯೊಳಗಿನ ಮಗುವಿಗೆ ನಾನೇ ವಿಷ ಕೂಡಿಸಿಟ್ಟೆನೆ? ಒಲೆ ಆರಿಸಿದೆ. ಅವತ್ತು ಖಾನಾವಳಿಗೆ ಬೀಗ. ಗಂಡ, ಅತ್ತೆ, ನಾನು ಮೂವರೂ ಶಿರಸಿಗೆ ಹೊರಟೆವು.

ಬೆಂಚಿನಲ್ಲಿ ನನ್ನ ಪಕ್ಕ ಬನವಾಸಿ ಕಡೆಯ ಹುಡುಗಿ ಕೂತಿದ್ದಳು. ಇಪ್ಪತ್ತೆರಡು ಇರಬಹುದು, ಏಳು ತಿಂಗಳ ಹೊಟ್ಟೆ. ನನ್ನನ್ನು ಗೌರವದಿಂದ ನೋಡಿ ಕೇಳಿದಳು. "ಮಗಳು ಒಳಗ ಹೋಗ್ಯಾಳೇನ್ರಿ ಅಮ್ಮಾರ?"

"ಇಲ್ಲ. ನಾನೇ ಒಳಗೆ ಹೋಗ್ಬೇಕು."

ಅವಳು ಒಂದು ಕ್ಷಣ ನನ್ನ ಹೊಟ್ಟೆ ನೋಡಿದಳು, ಇನ್ನೊಂದು ಕ್ಷಣ ನನ್ನ ನರೆಗೂದಲು ನೋಡಿದಳು. ಆಮೇಲೆ ಎದ್ದು ನಿಂತು, "ಬರ್ರಿ ಅಕ್ಕಾರ, ಇಲ್ಲಿ ಫ್ಯಾನಿನ ಕೆಳಗ ಕುಂದರ್ರಿ" ಎಂದು ತನ್ನ ಜಾಗ ಬಿಟ್ಟುಕೊಟ್ಟಳು. ಅಮ್ಮಾರಿನಿಂದ ಅಕ್ಕಾರಕ್ಕೆ ಇಳಿಸಿದ್ದಕ್ಕೆ ನಾನು ಈಗಲೂ ಅವಳಿಗೆ ಋಣಿ. ಚೀಲದಿಂದ ಕಿತ್ತಳೆ ತೆಗೆದು, ಸುಲಿದು, ಎರಡು ತೊಳೆ ಚಾಚಿದಳು. ಅವಳ ಬೆರಳುಗಳನ್ನು ನೋಡಿ ನಾನು ಬೇಡ ಎಂದೆ. ತೊಳೆದ ಕೈಯೋ ಅಲ್ಲವೋ, ಯಾರಿಗೆ ಗೊತ್ತು.

ಡಾಕ್ಟರಮ್ಮ ರಿಪೋರ್ಟು ನೋಡಿ ಇ ಮೇಲೆ ಬೆರಳನ್ನೂ ಇಡಲಿಲ್ಲ. ಆ ಕಾಲಮ್ಮು ಬಸುರಿ ಅಲ್ಲದವರ ಅಳತೆ, ಅದನ್ನು ನೋಡಿ ಹೆದರಬೇಡಿ ಎಂದರು. ಬಸಿರಿನಲ್ಲಿ ರಕ್ತದಲ್ಲಿ ಕೊಬ್ಬಿನಂಶ ಏರುತ್ತದೆ, ಇ ಅದರ ಬೆನ್ನು ಹಿಡಿದು ಏರುತ್ತದೆ. ರಕ್ತದ ನೀರು ಹೆಚ್ಚುವುದರಿಂದ ಎ ಸ್ವಲ್ಪ ಇಳಿದಂತೆ ಕಾಣುತ್ತದೆ. ನಿಮ್ಮದು ಆ ಮಟ್ಟಿಗೇ ಇದೆ ಎಂದರು. ಎದೆಯ ಮೇಲಿನ ಅಕ್ಕಿಮೂಟೆ ಇಳಿದಂತಾಯಿತು. ಅಷ್ಟರಲ್ಲಿ ಅವರ ಬೆರಳು ಕೆಂಪಕ್ಷರದ ಮೇಲೆ ಬಂದು ನಿಂತಿತು.

"ಸಿ ಕೂಡ ಬಸಿರಲ್ಲಿ ಒಂಚೂರು ಇಳೀತದೆ. ಆದ್ರೆ ನಿಮ್ದು ಇಳಿದದ್ದಲ್ಲ, ಇಲ್ಲವೇ ಇಲ್ಲ ಅನ್ನೋ ಹಾಗಿದೆ. ಇಷ್ಟೆಲ್ಲ ಸೊಪ್ಪು, ನೆಲ್ಲಿಕಾಯಿ ತಿನ್ನೋರಿಗೆ ಇದು ಹೇಗೆ?"

ನಾನು ಮತ್ತೆ ಪಟ್ಟಿ ಶುರು ಮಾಡಿದೆ. ಹಿಂದೆ ನಿಂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ಎಲ್ಲಾದ್ನೂ ಕುದಿಸ್ತಾಳೆ ಅಮ್ಮ. ಮೂಸಂಬಿನೂ ಬಿಡ್ಲಿಲ್ಲ. ತಂಬುಳಿನೂ ಬಿಡ್ಲಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರೂ ಈ ಕಡೆಯವರೇ. ಬೇರೆ ಊರಿನ ಡಾಕ್ಟರಾಗಿದ್ದರೆ ಆ ಮಾತಿನ ತೂಕ ಗೊತ್ತಾಗುತ್ತಿತ್ತೋ ಇಲ್ಲವೋ. "ತಂಬುಳಿನಾ?" ಎಂದು ನನ್ನನ್ನೇ ಕೇಳಿದರು. ನಾನು ಹೌದೆಂದೆ. ಎಷ್ಟು ಹೊತ್ತು ಎಂದರು. ಎರಡು ಉಕ್ಕು ಬರುವವರೆಗೆ ಎಂದೆ. ನಗು ತಡೆಯಲು ಅವರು ಪಟ್ಟ ಪ್ರಯತ್ನ ನನಗೆ ಕಂಡಿತು. ಬೆಂಕಿ ತಾಗಿದರೆ, ಸಾಲದ್ದಕ್ಕೆ ಬೆಂದ ನೀರನ್ನೂ ಚೆಲ್ಲಿದರೆ, ಸಿ ಉಳಿಯುವುದಿಲ್ಲ. ಮೂರು ತಿಂಗಳು ನೀವು ಹೆಸರಿಗೆ ಮಾತ್ರ ಸೊಪ್ಪು ತಿಂದಿದ್ದೀರಿ ಎಂದರು. ವಸಡು, ನೀಲಿ ಕಲೆ, ಮಾಯದ ಗಾಯ, ಎಲ್ಲಕ್ಕೂ ಒಂದೇ ಕಾರಣ. ಹಿಂದೆ ತಿಂಗಳುಗಟ್ಟಲೆ ಸಮುದ್ರದ ಮೇಲಿರುತ್ತಿದ್ದ ನಾವಿಕರಿಗೆ ಬರುತ್ತಿದ್ದ ಕಾಯಿಲೆಯಂತೆ. ನಾನು ಹಡಗು ಹತ್ತುವುದಿರಲಿ, ಶರಾವತಿ ದಾಟಿಸುವ ಲಾಂಚಿನಲ್ಲೂ ಕಣ್ಣು ಮುಚ್ಚಿ ಕೂರುವವಳು.

ಕ್ಯಾನ್ಸರ್ ಅಲ್ಲ ಎಂಬ ಸಂತೋಷ ಅರ್ಧ ನಿಮಿಷ ಇತ್ತು. ಆಮೇಲೆ ಮಗುವಿನ ಬಗ್ಗೆ ಕೇಳಿದೆ. ಕೇಳಿದೆ ಎನ್ನುವುದು ತಪ್ಪು, ಬಾಯಿ ತೆರೆದೆ, ಅವರಿಗೇ ಅರ್ಥವಾಯಿತು.

"ಮಗು ತನಗೆ ಬೇಕಾದ್ದನ್ನ ತಾಯಿಯಿಂದ ಮೊದಲು ಎಳ್ಕೊಳ್ತದೆ. ಹಾಗಂತ ನಾನು ಮಾತು ಕೊಡೂದಿಲ್ಲ. ಎರಡು ವಾರಕ್ಕೆ ಐದನೇ ತಿಂಗಳ ಸ್ಕ್ಯಾನಿಂಗ್ ಇದೆ. ಅಲ್ಲಿ ನೋಡೋಣ."

ಐದನೇ ತಿಂಗಳು. ಹೋದ ಸಲ ಎಲ್ಲ ಮುಗಿದದ್ದು ಅಲ್ಲಿಯೇ. ಉಳಿಸಿಕೊಳ್ಳಬೇಕೆಂದು ಮಾಡಿದ ಕೆಲಸದಿಂದಲೇ ಕಳೆದುಕೊಳ್ಳುತ್ತೇನೇನೋ ಎಂಬ ಯೋಚನೆಯಲ್ಲೇ ಕೋಣೆಯ ಬಾಗಿಲು ದಾಟಿದೆ. ಹೊರಗೆ ಬೆಂಚಿನಲ್ಲಿ ಬನವಾಸಿಯ ಹುಡುಗಿ ಇನ್ನೂ ಕೂತಿದ್ದಳು. ಕಿತ್ತಳೆಯ ಸಿಪ್ಪೆ ಮಡಿಲಿನ ಕಾಗದದ ಮೇಲಿತ್ತು. ಅವಳೆದುರು ನಿಂತೆ. ನಲವತ್ತೆರಡು ವರ್ಷದಲ್ಲಿ ಅಪರಿಚಿತರ ಹತ್ತಿರ ತಿನ್ನಲು ಬೇಡಿದವಳಲ್ಲ ನಾನು.

"ತಂಗಿ, ಇನ್ನೊಂದು ತೊಳೆ ಇದ್ರೆ ಕೊಡ್ತ್ಯಾ?"

ಅವಳು ಇನ್ನೊಂದು ಕಿತ್ತಳೆಯನ್ನೇ ಸುಲಿದು ಕೊಟ್ಟಳು. ಅಲ್ಲೇ ನಿಂತು ತಿಂದೆ. ವಸಡಿಗೆ ರಸ ತಾಗಿ ಉರಿಯಿತು, ಕಣ್ಣಲ್ಲಿ ನೀರು ಬಂತು, ಮತ್ತೊಂದು ತೊಳೆ ಬಾಯಿಗೆ ಹಾಕಿಕೊಂಡೆ. ಹುಳಿ ಎಂದರೆ ಹೀಗಿರುತ್ತದೆ ಎಂಬುದನ್ನೇ ಮರೆತಿದ್ದೆ. ಮುಗಿದ ಮೇಲೆ ಬೆರಳು ನೆಕ್ಕಿದೆ. ಗಂಡ ಬೇರೆ ಕಡೆ ನೋಡುತ್ತ ನಿಂತಿದ್ದರು, ತುಟಿ ಮಾತ್ರ ನಗುತ್ತಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು, ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದಿಟ್ಟುಕೊಂಡರು. ಎಷ್ಟೋ ತಿರುವು ಕಳೆದ ಮೇಲೆ, ರಸ್ತೆಯನ್ನೇ ನೋಡುತ್ತ ಹೇಳಿದರು. "ನೀ ಹೆದ್ರಿ ಮಾಡಿದ್ದು. ಬೇಡ ಅಂತ ಮಾಡಿದ್ದಲ್ಲ. ಹೊಟ್ಟೆಲಿದ್ದದ್ದಕ್ಕೆ ಅಷ್ಟು ಗೊತ್ತಿರ್ತದೆ."

ಮಾತ್ರೆ ಮತ್ತು ಹಸಿ ತಿನಿಸು ಎರಡೂ ಅವತ್ತಿನಿಂದಲೇ ಶುರುವಾಯಿತು. ನಂಬಿದರೆ ನಂಬಿ, ಮೂರನೇ ದಿನ ನಾನು ಮೆಟ್ಟಿಲನ್ನು ಎರಡೆರಡು ಹತ್ತಿದೆ. ಅತ್ತೆ ಬೈದರು, ಇಳಿದು ಒಂದೊಂದೇ ಹತ್ತಿದೆ. ವಾರ ಕಳೆಯುವುದರಲ್ಲಿ ಉಗುಳಿದ ನೀರು ಬಿಳಿ. ಹತ್ತನೇ ದಿನ ಬೆರಳಿನ ಗೀರು ಮುಚ್ಚಿಕೊಂಡಿತು. ನಾನದನ್ನು ಬರುವ ಹೋಗುವ ಗಿರಾಕಿಗಳಿಗೆಲ್ಲ ತೋರಿಸಿದೆ. ಎಲೆಯ ಮುಂದೆ ಕೂತವರಿಗೆ ಗಾಯ ತೋರಿಸುವ ಖಾನಾವಳಿ ಇನ್ನೊಂದಿರಲಿಕ್ಕಿಲ್ಲ.

ಸುದ್ದಿ ಮುಚ್ಚಿಡುವ ಆಸೆಯೇ ನನಗಿರಲಿಲ್ಲ, ಅಷ್ಟು ಹುರುಪು. ಸುದ್ದಿಯೂ ಓಡಿತು. ಮನ್ಮನೆಯಿಂದ ಸಂತೆಗೆ ಬರುವವರೊಬ್ಬರು ಊಟಕ್ಕೆ ಬಂದಾಗ ಬಗಲಲ್ಲಿ ಚಕ್ಕೋತ ತಂದರು. ಪಾಯಸದ ಮೇಷ್ಟರು ಪೇರಲ ತಂದರು. ಯಾರೋ ಅಂಬಟೆಯ ಚೀಲ ಬಾಗಿಲಿಗೆ ತೂಗಿ ಹೋದರು. "ಕುದಿಸ್ಬೇಡಿ ಮತ್ತೆ" ಎಂದು ಪ್ರತಿಯೊಬ್ಬರೂ ಹೇಳಿಯೇ ಹೋದರು. ಬರೆದು ಗೋಡೆಗೆ ಅಂಟಿಸಿದ್ದರೂ ಅಷ್ಟು ಸಲ ಓದಬೇಕಾಗುತ್ತಿರಲಿಲ್ಲ.

ನನ್ನ ಸ್ವಭಾವ ಎಲ್ಲಿ ಹೋಗುತ್ತದೆ? ಹಸಿ ತಿನ್ನಲು ಹೆದರಿದವಳು ಈಗ ತಿಂದದ್ದು ಸಾಲದೇನೋ ಎಂದು ಹೆದರಿದೆ. ದಿನಕ್ಕೆ ಹತ್ತು ನೆಲ್ಲಿಕಾಯಿ ತಿಂದು ಹೊಟ್ಟೆ ಕೆಡಿಸಿಕೊಂಡೆ. ಗಂಡನೂ ನನ್ನ ಸಹವಾಸದಿಂದ ಕೆಟ್ಟರು. ಎ ಬಾಣ ಕೆಳಗಿತ್ತಲ್ಲ ಎಂದು ಔಷಧಿ ಅಂಗಡಿಯಿಂದ ಮೀನೆಣ್ಣೆಯ ಹಳದಿ ಗುಳಿಗೆಯ ಡಬ್ಬಿ ತಂದರು. ಪುಣ್ಯಕ್ಕೆ ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದೆ. ಅವರ ದನಿ ಒಮ್ಮೆಗೇ ಬಿಗಿಯಾಯಿತು. ಎ ವಿಟಮಿನ್ನನ್ನು ಬಸುರಿ ತಾನಾಗಿ ನುಂಗಬಾರದು, ಹೆಚ್ಚಾದರೆ ಮಗುವಿಗೇ ಕೆಡುಕು, ಕೊಟ್ಟದ್ದು ಬಿಟ್ಟು ಬೇರೆ ಒಂದು ಗುಳಿಗೆಯೂ ಬೇಡ ಎಂದರು. ಡಬ್ಬಿ ಒಡೆಯದೆ ಅಂಗಡಿಗೆ ವಾಪಸ್ಸಾಯಿತು. ಗಂಡ ಎರಡು ದಿನ ನನಗಿಂತ ಹೆಚ್ಚು ಹೆದರಿ ಓಡಾಡಿದರು. ಒಬ್ಬಳೇ ಹೆದರಿ ಅಭ್ಯಾಸವಾದವಳಿಗೆ ಜೊತೆ ಸಿಕ್ಕಿದ್ದು ಹಿತವಾಯಿತು.

ಸ್ಕ್ಯಾನಿಂಗಿನ ದಿನ ನಾನು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಮೂಳೆ ಸರಿಯಿದೆಯೆ, ಮಿದುಳು ಸರಿಯಿದೆಯೆ, ಕುದಿಸಿದ್ದರಿಂದ ಏನಾದರೂ ಆಗಿದೆಯೆ, ಹೀಗೆ ಎರಡೂ ಬದಿ. ಮಂಚದ ಮೇಲೆ ಮಲಗುವಾಗ ಕಾಗದವನ್ನು ಗಂಡನ ಕೈಗೆ ಕೊಟ್ಟೆ. ಕೋಣೆ ಕತ್ತಲೆ. ಹೊಟ್ಟೆಯ ಮೇಲೆ ತಣ್ಣನೆಯ ಅಂಟು. ಸ್ಕ್ಯಾನಿಂಗಿನ ಡಾಕ್ಟರು ಮಾತಾಡದೆ ಪರದೆ ನೋಡುತ್ತಲೇ ಇದ್ದರು. ಅವರು ಮಾತಾಡದ ಆ ಹೊತ್ತು ನನಗೆ ಹದಿನಾಲ್ಕು ವರ್ಷಕ್ಕಿಂತ ಉದ್ದ. ಹೋದ ಸಲವೂ ಹೀಗೇ ಒಬ್ಬರು ಮಾತಾಡದೆ ನೋಡುತ್ತಿದ್ದರು.

ಗಂಡ ತಾವೇ ಕಾಗದ ಹಿಡಿದು, ಪರದೆಯ ಬೆಳಕಿಗೆ ಒಡ್ಡಿ, ಮೊದಲನೇ ಪ್ರಶ್ನೆಯಿಂದ ಓದಲು ಶುರು ಮಾಡಿದರು. ಡಾಕ್ಟರು ಏನನ್ನೋ ಒತ್ತಿದರು. ಕೋಣೆಯ ತುಂಬ ಸದ್ದು ತುಂಬಿತು. ಅವಲಕ್ಕಿ ಕುಟ್ಟುವ ಹಾಗೆ, ಒಂದರ ಮೇಲೊಂದು, ಬಿಡುವಿಲ್ಲದೆ. ಗಂಡ ಎರಡನೇ ಪ್ರಶ್ನೆಗೆ ಹೋಗಿದ್ದರು.

"ಸುಮ್ನಿರಿ" ಎಂದೆ. "ಕೇಳ್ತಾ ಇದ್ದೇನೆ."

ಎಲ್ಲ ಸರಿಯಿದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಕೈ, ಕಾಲು, ಬೆನ್ನಹುರಿ ಎಂದು ಒಂದೊಂದಾಗಿ ತೋರಿಸಿದರು. ನನಗೆ ಪರದೆಯಲ್ಲಿ ಮೋಡ ಬಿಟ್ಟರೆ ಏನೂ ಕಾಣಲಿಲ್ಲ. ಆದರೂ ಎಲ್ಲದಕ್ಕೂ ಹೌದು ಹೌದು ಎಂದೆ.

ಉಳಿದ ನಾಲ್ಕು ತಿಂಗಳು ನಾನು ಚಿಂತೆ ಬಿಟ್ಟೆ ಎಂದು ಬರೆದರೆ ಸಿದ್ದಾಪುರದ ಯಾರೂ ನಂಬುವುದಿಲ್ಲ. ಚಿಂತಿಸಿದೆ. ಆದರೆ ತಂಬುಳಿ ತಣ್ಣಗೇ ಉಂಡೆ, ಹಣ್ಣು ಹಸಿಯಾಗೇ ತಿಂದೆ. ಎಂಟನೇ ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಸಿ ಎದುರಿನ ಕೆಂಪಕ್ಷರ ಕಪ್ಪಾಗಿತ್ತು. ಇ ಬಾಣ ಇನ್ನೂ ಮೇಲಕ್ಕೇ ಇತ್ತು. ಆಗಲಿ, ಬಸುರಿಯಲ್ಲವೆ ಎಂದುಕೊಂಡೆ.

ಮಗಳು ಹುಟ್ಟಿದ್ದು ಒಂದು ಮಂಗಳವಾರದ ಬೆಳಿಗ್ಗೆ, ಶಿರಸಿಯಲ್ಲಿ, ಹೊಟ್ಟೆ ಕೊಯ್ದು. ಬಟ್ಟೆಯ ಪರದೆಯ ಆಚೆ ಏನೋ ಎತ್ತಿದ ಹಾಗಾಯಿತು, ಆಮೇಲೆ ಅಳು. ಯಾರು ಅತ್ತರೂ ಏನಾಯಿತು ಎಂದು ಓಡಿ ಹೋಗಿ ಕೇಳುವವಳು ನಾನು. ಪಕ್ಕದ ಮನೆಯ ಬೆಕ್ಕು ಕೂಗಿದರೂ ಕೇಳುವವಳು. ಅವತ್ತು ಕೇಳಲಿಲ್ಲ. ನರ್ಸು ಸಮಾಧಾನ ಮಾಡಲು ಹೋದಾಗ ನಾನೇ ತಡೆದೆ.

"ಇರ್ಲಿ ಅಕ್ಕ, ಒಂಚೂರು ಅಳ್ಲಿ."